ಕೊಕ್ಕರೆಯ ಗಾಯ

ಆರ್ನೆ ಲಿಂಡ್‌ಹೋಮ್ ಮತ್ತು ನಾನು ಇಪ್ಪತ್ತಾರು ವರ್ಷ ಒಂದೇ ದೋಣಿಯಲ್ಲಿ ಕೂತು ಗಾಳ ಹಾಕಿದವರು. ಆ ದೋಣಿಯನ್ನು ಒಂದು ಚಳಿಗಾಲವಿಡೀ ಅವನ ಕೊಟ್ಟಿಗೆಯಲ್ಲಿ ನಾವಿಬ್ಬರೇ ಸೇರಿ ಕಟ್ಟಿದ್ದೆವು. ನಾನು ಶಾಲೆಯ ಬಸ್ಸು ಓಡಿಸುತ್ತಿದ್ದೆ. ಅವನು ಮರದ ಮಿಲ್ಲಿನಲ್ಲಿ ಗರಗಸದ ಹಲ್ಲು ಸಾಣೆ ಹಿಡಿಯುತ್ತಿದ್ದವನು. ಮಿಲ್ಲು ಮುಚ್ಚಿದ ಮೇಲೆ ಊರವರ ಕೊಡಲಿ, ಕತ್ತರಿಗಳನ್ನು ಹರಿತ ಮಾಡಿಕೊಂಡಿದ್ದ. ಮಾತು ಬಲು ಕಡಿಮೆ. ಬೆಳಗಿನಿಂದ ಮಧ್ಯಾಹ್ನದವರೆಗೆ ದೋಣಿಯಲ್ಲಿ ಅವನಾಡುವ ಮಾತು ಹತ್ತು ದಾಟಿದರೆ ಆ ದಿನ ಅವನಿಗೆ ಜ್ವರವಿರಬೇಕು ಎಂದು ನನ್ನ ಹೆಂಡತಿ ಲೆಂಪಿ ನಗುತ್ತಿದ್ದಳು.

ನಮ್ಮ ನದಿ ಸುಪೀರಿಯರ್ ಸರೋವರ ಸೇರುವ ಜಾಗದಿಂದ ನಾಲ್ಕು ಮೈಲಿ ಮೇಲೆ, ಹಿಂದೆ ಮರದ ದಿಮ್ಮಿಗಳಿಗಾಗಿ ಕಟ್ಟಿದ ಹಳೆಯ ಕಟ್ಟೆಯೊಂದಿತ್ತು. ಏಪ್ರಿಲ್‌ನಲ್ಲಿ ಹಿಮ ಕರಗಿ ನೀರು ಏರಿದಾಗ ಸರೋವರದ ದೊಡ್ಡ ಟ್ರೌಟ್ ಮೀನುಗಳು ಮೊಟ್ಟೆಯಿಡಲು ನದಿ ಹತ್ತುತ್ತವೆ. ನಾವು ಅವನ್ನು ಸ್ಟೀಲ್‌ಹೆಡ್ ಎನ್ನುತ್ತೇವೆ. ಎಂಟು ಪೌಂಡು, ಹತ್ತು ಪೌಂಡು ತೂಗುವ, ಬೆಳ್ಳಿಯಂಥ ಮೀನು. ಅವು ಕಟ್ಟೆಯವರೆಗೆ ಬಂದು, ಹಾರಿ, ಗೋಡೆಗೆ ಬಡಿದುಕೊಂಡು, ಕೆಳಗಿನ ಗುಂಡಿಯಲ್ಲೇ ಉಳಿಯುತ್ತಿದ್ದವು. ಊರಿನ ಗಂಡಸರೆಲ್ಲ ಆ ಗುಂಡಿಯ ಸುತ್ತ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು.

ಆರ್ನೆಯ ಮನೆ ಕಟ್ಟೆಯ ಹಿಂದಿನ ಹಿನ್ನೀರಿನ ದಡದಲ್ಲಿತ್ತು. ಅವನ ಹೆಂಡತಿ ಸಿಗ್ನೆ ಅಡುಗೆಮನೆಯ ಕಿಟಕಿಯಿಂದಲೇ ಬಾತುಗಳಿಗೆ ರೊಟ್ಟಿ ಚೂರು ಎಸೆಯುತ್ತಿದ್ದಳು. ನಮ್ಮ ಮನೆ ಅಲ್ಲಿಂದ ಏಳು ಮೈಲಿ ಮೇಲೆ, ಲೆಂಪಿಯ ಅಪ್ಪ ಬಿಟ್ಟುಹೋದ ಜಾಗದಲ್ಲಿ, ನದಿ ತಿರುಗುವ ಕಡೆ. ಹಬೆಯಲ್ಲಿ ಬೆವರಿ ಸ್ನಾನ ಮಾಡುವ ನಮ್ಮ ಸೌನಾದ ಬಾಗಿಲು ತೆಗೆದರೆ ನಾಲ್ಕು ಹೆಜ್ಜೆಗೆ ನೀರು. ಬೆವರಿದ ಮೈಯಲ್ಲಿ ಆ ನೀರಿಗೆ ಇಳಿದಾಗೆಲ್ಲ ನನಗೆ ಒಂದೇ ಯೋಚನೆ: ಇಷ್ಟು ಚೆಂದದ ಜಲ್ಲಿಕಲ್ಲು, ಇಷ್ಟು ತಣ್ಣನೆಯ ನೀರು, ಆದರೆ ಇಲ್ಲಿರುವುದು ಅಂಗೈಯಷ್ಟುದ್ದದ ಮೀನು. ಆ ಕಟ್ಟೆಯೊಂದು ಇಲ್ಲದಿದ್ದರೆ ಸ್ಟೀಲ್‌ಹೆಡ್ ನನ್ನ ಬಾಗಿಲಿಗೇ ಬರುತ್ತಿತ್ತು.

ನಾನೊಬ್ಬನೇ ಹಾಗೆ ಯೋಚಿಸುತ್ತಿರಲಿಲ್ಲ. ನಮ್ಮ ಗಾಳದ ಸಂಘದ ಅಧ್ಯಕ್ಷ ಡೆಲ್ಬರ್ಟ್ ರೋ ಆರು ವರ್ಷದಿಂದ ಕಟ್ಟೆ ಒಡೆಸಲು ಓಡಾಡುತ್ತಿದ್ದ. ಕಟ್ಟೆಯೂ ಬಿರುಕು ಬಿಟ್ಟಿತ್ತು. ಅಡ್ಡಿಯಾಗಿದ್ದುದು ಒಂದೇ, ಲ್ಯಾಂಪ್ರೆ.

ಲ್ಯಾಂಪ್ರೆಯನ್ನು ನೋಡದವರಿಗೆ ಹೇಳಬೇಕೆಂದರೆ, ಅದು ಹಾವಿನ ಮೈಯ ಜಿಗಣೆ. ದವಡೆಯಿಲ್ಲ. ದುಂಡನೆಯ ಬಾಯಿ, ಅದರ ತುಂಬ ಸುತ್ತು ಸುತ್ತಾಗಿ ಹಳದಿ ಹಲ್ಲು. ಮೀನಿನ ಪಕ್ಕೆಗೆ ಅಂಟಿಕೊಂಡು, ಚರ್ಮ ಉಜ್ಜಿ ತೂತು ಮಾಡಿ ರಕ್ತ ಹೀರುತ್ತದೆ. ಅದು ಕಡಲಿನಿಂದ ಸರೋವರಗಳಿಗೆ ನುಗ್ಗಿ ನನ್ನ ಅಪ್ಪನ ಕಾಲದ ಬೆಸ್ತರನ್ನು ಬೀದಿಗೆ ತಂದಿತ್ತು. ಅದೂ ಮೊಟ್ಟೆಯಿಡಲು ನದಿ ಹತ್ತುತ್ತದೆ. ಆದರೆ ಹಾರಲು ಬಾರದು. ಕಟ್ಟೆಯಿರುವವರೆಗೆ ಅದು ಕೆಳಗಿನ ನಾಲ್ಕು ಮೈಲಿಯಲ್ಲೇ ಇರಬೇಕು, ಅಲ್ಲಿಗೆ ಸರ್ಕಾರದವರು ನಾಲ್ಕು ವರ್ಷಕ್ಕೊಮ್ಮೆ ಬಂದು ಔಷಧಿ ಬಿಟ್ಟು ಅದರ ಮರಿಗಳನ್ನು ಕೊಲ್ಲುತ್ತಿದ್ದರು. ಔಷಧಿ ಎಂದು ನಾವು ಕರೆಯುತ್ತಿದ್ದೆವು. ವಿಷ ಎನ್ನುವುದು ಸರಿ.

"ಲ್ಯಾಂಪ್ರೆ ಕತೆ ಮುಗೀತು ಕಣ್ರಯ್ಯ," ಎನ್ನುತ್ತಿದ್ದ ಡೆಲ್ಬರ್ಟ್. "ಸರೋವರದಲ್ಲಿ ಈಗ ಹುಡುಕಿದ್ರೂ ಸಿಗಲ್ಲ. ಯಾವ ಕಳ್ಳನಿಗೆ ಅಂತ ಬಾಗಿಲು ಹಾಕ್ಕೊಂಡು ಕೂತಿರೋದು ನಾವು?"

ಆ ವರ್ಷ ಏಪ್ರಿಲ್ ಎರಡನೆಯ ವಾರ. ಬೆಳಗ್ಗೆ ಏಳೂವರೆ ಇರಬಹುದು. ಕಟ್ಟೆಗಿಂತ ಅರ್ಧ ಮೈಲಿ ಕೆಳಗೆ ದೋಣಿಗೆ ಲಂಗರು ಹಾಕಿದ್ದೆವು. ಆರ್ನೆಯ ಗಾಳಕ್ಕೆ ದೊಡ್ಡ ಮೀನೊಂದು ಬಿತ್ತು. ಬಿದ್ದ ಮೀನು ಎಳೆದಾಡಲಿಲ್ಲ. ಒದ್ದೆ ಕಂಬಳಿಯ ಹಾಗೆ ಸುಮ್ಮನೆ ಬಂತು. ಬಲೆ ಹಾಕಿ ಎತ್ತಿದೆ. ಮೀನಿನ ಎದೆಯ ರೆಕ್ಕೆಯ ಹಿಂದೆ ಒಂದು ಲ್ಯಾಂಪ್ರೆ ಅಂಟಿಕೊಂಡಿತ್ತು, ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ. ಗಾಳಿಗೆ ಬಂದರೂ ಬಿಡಲಿಲ್ಲ. ಬಾಲವನ್ನು ನನ್ನ ಮಣಿಕಟ್ಟಿಗೆ ಸುತ್ತಿತು.

"ಬಟ್ಟೆ ತಗೊಂಡು ಹಿಡಿ, ಜಾರತ್ತೆ," ಎಂದ ಆರ್ನೆ.

ಬಟ್ಟೆಯಿಂದ ಹಿಡಿದು ಕಿತ್ತೆ. ಸೀಸೆಯ ಬಿರಡೆ ತೆಗೆದಂಥ ಸದ್ದಾಯಿತು. ಕಿತ್ತ ಜಾಗದಲ್ಲಿ ನಾಣ್ಯದಷ್ಟು ಅಗಲದ ಗುಂಡನೆಯ ಗಾಯ, ನಡುವೆ ಆಳವಾದ ತೂತು. ಅದರ ಪಕ್ಕದಲ್ಲೇ ಇನ್ನೊಂದು ಹಳೆಯ ಗಾಯ, ಅಂಚು ಬೆಳ್ಳಗಾಗಿತ್ತು. ಮೀನು ಬಲೆಯೊಳಗೆ ಬಾಯಿ ತೆರೆದು ಮುಚ್ಚುತ್ತಿತ್ತು, ಅಷ್ಟೇ.

"ಆ ಡಬ್ಬಿಯಲ್ಲಿ ಹಾಕು ಅದನ್ನ," ಎಂದ ಆರ್ನೆ. "ಮುಂದಿನ ಶುಕ್ರವಾರ ಸಭೆ ಇದೆ. ತೋರಿಸೋಣ."

ಆ ಶುಕ್ರವಾರ ಪಂಚಾಯಿತಿ ಹಾಲ್‌ನಲ್ಲಿ ಕಟ್ಟೆಯ ಬಗ್ಗೆ ಊರವರ ಅಭಿಪ್ರಾಯ ಕೇಳುವವರಿದ್ದರು. ನಾನು ಡಬ್ಬಿಯ ಕಡೆ ನೋಡಿದೆ, ಕೈಯಲ್ಲಿ ಹೊರಳುತ್ತಿದ್ದುದನ್ನು ನೋಡಿದೆ. ಅದನ್ನು ದೋಣಿಯ ಅಂಚಿಗೆ ಎರಡು ಸಲ ಬಡಿದು ದಡದ ಪೊದೆಯೊಳಗೆ ಎಸೆದೆ.

"ಥೂ, ಕೈಯೆಲ್ಲ ಲೋಳೆ," ಎಂದೆ. "ಇನ್ನೊಂದು ಸಿಕ್ಕತ್ತೆ ಬಿಡು, ಬೇಕಾದ್ರೆ."

ಆರ್ನೆ ನನ್ನನ್ನೇ ನೋಡಿದ. ಆ ವಾರ ಇನ್ನೆರಡು ಮೀನಿನ ಮೇಲೆ ಅದೇ ಗುಂಡನೆಯ ಗಾಯಗಳಿದ್ದವು. ಲ್ಯಾಂಪ್ರೆ ಮತ್ತೆ ಸಿಗಲಿಲ್ಲ.

ಸಭೆಯ ದಿನ ಹಾಲ್ ತುಂಬಿತ್ತು. ಸರ್ಕಾರದ ಕಡೆಯಿಂದ ಬಂದಿದ್ದ ಹೆಂಗಸು ದೂರದ ಊರಿನಿಂದ ಕಾರು ಓಡಿಸಿಕೊಂಡು ಬಂದು ಸುಸ್ತಾಗಿದ್ದಳು. ನಕಾಶೆ ತೋರಿಸಿದಳು. ಕೊನೆಗೆ ಕನ್ನಡಕ ತೆಗೆದು ಕೇಳಿದಳು.

"ನೀವೆಲ್ಲ ದಿನಾ ನದಿಯಲ್ಲಿರೋರು. ಈ ವರ್ಷ ಲ್ಯಾಂಪ್ರೆ ಕಚ್ಚಿದ ಮೀನು ಯಾರಿಗಾದ್ರೂ ಸಿಕ್ಕಿದ್ಯಾ? ಇಬ್ಬರು ಹೇಳಿದ್ರೂ ಸಾಕು, ಕಟ್ಟೆ ವಿಷಯ ಮುಂದಕ್ಕೆ ಹಾಕಿ ಸರಿಯಾಗಿ ಪರೀಕ್ಷೆ ಮಾಡಿಸ್ತೀವಿ."

ಗುಂಡಿಯ ಸುತ್ತ ನಿಲ್ಲುವ ನಲವತ್ತು ಜನ ಅಲ್ಲಿದ್ದರು. ಯಾರೂ ಕೆಮ್ಮಲೂ ಇಲ್ಲ. ಆರ್ನೆ ಎದ್ದು ನಿಂತ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ನನಗೆ ಸಿಕ್ಕಿದೆ," ಎಂದ. "ಮೂರು ಮೀನು. ಒಂದರ ಮೇಲೆ ಲ್ಯಾಂಪ್ರೆ ಇನ್ನೂ ಅಂಟಿಕೊಂಡಿತ್ತು."

ಹಿಂದಿನ ಸಾಲಿನಿಂದ ಯಾರೋ, "ಹಿನ್ನೀರು ಹೋದ್ರೆ ಸಿಗ್ನೆ ಬಾತುಗಳಿಗೆ ಎಲ್ಲಿ ಊಟ ಹಾಕೋದು ಪಾಪ," ಎಂದರು. ಜನ ನಕ್ಕರು.

ಡೆಲ್ಬರ್ಟ್ ಮೆತ್ತಗೆ, "ಆರ್ನೆ, ನಿನ್ನ ಸಂಕಟ ನಮಗೆ ಅರ್ಥ ಆಗತ್ತಪ್ಪ. ಮನೆ ಮುಂದಿನ ನೀರು ಹೋಗತ್ತೆ ಅಂದ್ರೆ ಯಾರಿಗಾದ್ರೂ ಬೇಜಾರೇ. ಆದ್ರೆ ಅದಕ್ಕೋಸ್ಕರ ಲ್ಯಾಂಪ್ರೆ ಹುಟ್ಟಿಸ್ಬೇಡ," ಎಂದ.

ಆರ್ನೆಯ ಕಿವಿ ಕೆಂಪಾಯಿತು. "ನಾನು ಹುಟ್ಟಿಸಿಲ್ಲ. ರೂಬೆನ್ ದೋಣಿಯಲ್ಲೇ ಇದ್ದ. ಅವನೇ ಕಿತ್ತಿದ್ದು. ಅವನನ್ನ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಆ ಹೆಂಗಸು, "ಹೌದಾ ಸರ್? ನೀವು ನೋಡಿದ್ರಾ?" ಎಂದಳು.

ಸುಳ್ಳು ಹೇಳು ಎಂದು ನನಗೆ ಯಾರೂ ಹೇಳಿರಲಿಲ್ಲ. ಡೆಲ್ಬರ್ಟ್ ಹೇಳಿರಲಿಲ್ಲ, ಲೆಂಪಿಗಂತೂ ವಿಷಯವೇ ಗೊತ್ತಿರಲಿಲ್ಲ. ಎದ್ದು ನಿಲ್ಲುವವರೆಗೂ ಏನು ಹೇಳುತ್ತೇನೆಂದು ನನಗೂ ಗೊತ್ತಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಆ ಡಬ್ಬಿಗೆ ಹಾಕದೆ ಪೊದೆಗೆ ಎಸೆದಾಗಲೇ ನನಗೆ ಗೊತ್ತಿತ್ತು.

"ಒಂದು ಮೀನಿನ ಮೇಲೆ ಗಾಯ ಇತ್ತು," ಎಂದೆ. "ಕೊಕ್ಕರೆ ಚುಚ್ಚಿದ್ದು ಅನ್ಸತ್ತೆ. ಅಷ್ಟೇ."

ಹಾಲ್‌ನಲ್ಲಿ ನಗು ಎದ್ದಿತು. ನಕ್ಕವರಲ್ಲಿ ಅರ್ಧ ಜನರಿಗೆ ತಮ್ಮ ಬುಟ್ಟಿಯ ಮೀನಿನ ಗಾಯ ನೆನಪಿದ್ದೇ ಇತ್ತು. ಆ ಹೆಂಗಸು ಏನೋ ಬರೆದುಕೊಂಡಳು. ಆರ್ನೆ ನಿಂತೇ ಇದ್ದ. ನನ್ನ ಕಡೆ ನೋಡುತ್ತಿದ್ದ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳಿದವನಿಗೆ ಬೇರೆ ಭಾಷೆಯಲ್ಲಿ ಉತ್ತರ ಬಂದಾಗ ಹೇಗಿರುತ್ತದೋ ಹಾಗಿತ್ತು. ಆಮೇಲೆ ಕೂತ. ಸಭೆ ಮುಗಿಯುವವರೆಗೂ ಟೋಪಿಯ ಅಂಚನ್ನು ತಿರುಗಿಸುತ್ತಲೇ ಇದ್ದ.

ಮರುದಿನ ಅವನ ಮನೆಗೆ ಹೋದೆ. ಸಿಗ್ನೆ ಬಾಗಿಲು ತೆಗೆದಳು, ಒಳಗೆ ಬಾ ಎನ್ನಲಿಲ್ಲ. ಆರ್ನೆ ಕೊಟ್ಟಿಗೆಯಲ್ಲಿದ್ದ. ದೋಣಿಯನ್ನು ತೊಳೆದು ಒರೆಸಿ ಮಗುಚಿ ಇಟ್ಟಿದ್ದ.

"ಆರ್ನೆ, ನೋಡು, ಅದು ಹಾಗಲ್ಲ..." ಎಂದು ಶುರು ಮಾಡಿದೆ.

"ದೋಣಿ ತಗೊಂಡು ಹೋಗು," ಎಂದ. "ನಿನ್ನ ಟ್ರಕ್ಕಿಗೆ ಹಿಡಿಯತ್ತೆ."

"ನಿನ್ನದೂ ಅಲ್ವೇನೋ ಅದು."

"ನನಗೆ ಬೇಡ."

ಅದನ್ನು ಟ್ರಕ್ಕಿಗೆ ಏರಿಸಲು ಅವನೇ ಒಂದು ತುದಿ ಹಿಡಿದ. ಹಗ್ಗ ಬಿಗಿದ. ಗಂಟು ಸರಿಯಾಗಿದೆಯೇ ಎಂದು ಎಳೆದು ನೋಡಿದ. ಆಮೇಲೆ ಕೊಟ್ಟಿಗೆಯೊಳಗೆ ಹೋಗಿ ಸಾಣೆಕಲ್ಲು ತಿರುಗಿಸತೊಡಗಿದ.

ಮರುವರ್ಷ ಬೇಸಿಗೆಯಲ್ಲಿ ಕಟ್ಟೆ ಒಡೆದರು. ಹಿನ್ನೀರು ಮೂರು ದಿನದಲ್ಲಿ ಬರಿದಾಯಿತು. ಆರ್ನೆಯ ಮನೆಯ ಮುಂದೆ ನೂರು ಗಜ ಕಪ್ಪು ಕೆಸರು, ಅದರ ನಡುವೆ ಹಳೆಯ ದಿಮ್ಮಿಗಳು, ಟೈರುಗಳು. ವಾಸನೆಗೆ ಸಿಗ್ನೆ ಆಗಸ್ಟ್ ಪೂರ್ತಿ ಕಿಟಕಿ ತೆಗೆಯಲಿಲ್ಲವಂತೆ. ಹಿನ್ನೀರಿನೊಳಕ್ಕೆ ಚಾಚಿ ಕಟ್ಟಿದ್ದ ಅವನ ಮರದ ಕಾಲುಸೇತುವೆ ಈಗ ಒಣ ಕೆಸರಿನ ಮೇಲೆ ನಿಂತಿತ್ತು. ಅದರ ತುದಿಯಲ್ಲಿ ಕೂತರೆ ನೀರು ಕಾಣುತ್ತಲೇ ಇರಲಿಲ್ಲ.

ಮತ್ತು ಮುಂದಿನ ಏಪ್ರಿಲ್‌ನಲ್ಲಿ ಸ್ಟೀಲ್‌ಹೆಡ್ ನನ್ನ ಬಾಗಿಲಿಗೆ ಬಂತು. ಇದನ್ನೂ ಮುಚ್ಚಿಡಬಾರದು: ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಸೌನಾದ ಮೆಟ್ಟಿಲ ಮೇಲೆ ನಿಂತು ಒಂಬತ್ತು ಪೌಂಡಿನ ಮೀನು ಹಿಡಿದೆ. ಲೆಂಪಿ ಅದನ್ನು ಬೆಣ್ಣೆ, ಆಲೂಗಡ್ಡೆ ಹಾಕಿ ಸಾರು ಮಾಡಿದಳು.

"ಆರ್ನೆ, ಸಿಗ್ನೆನ ಊಟಕ್ಕೆ ಕರಿ," ಎಂದಳು. "ಎಷ್ಟು ದಿನ ಅಂತ ಈ ಮುನಿಸು."

"ಕರೀತೀನಿ," ಎಂದೆ. ಕರೆಯಲಿಲ್ಲ.

ಜೂನ್ ಮೊದಲ ವಾರ ಲೆಂಪಿಯೇ ನನ್ನನ್ನು ನದಿಗೆ ಕರೆದಳು. "ಇಲ್ಲಿ ಬಾ, ಇದೇನು ನೋಡು." ಮೊಣಕಾಲುದ್ದ ನೀರಿನಲ್ಲಿ ಎಂಟು ಹತ್ತು ಲ್ಯಾಂಪ್ರೆಗಳು ಒಂದಕ್ಕೊಂದು ಸುತ್ತಿಕೊಂಡು, ಬಾಯಿಯಿಂದ ಕಲ್ಲು ಕಚ್ಚಿ ಎಳೆದು ದುಂಡಗೆ ಗೂಡು ಮಾಡುತ್ತಿದ್ದವು. ಆ ಜಲ್ಲಿಕಲ್ಲು ಮೀನಿಗೆ ಚೆಂದ ಎಂದು ನಾನು ಅಂದುಕೊಂಡಿದ್ದೆನಲ್ಲ, ಅವಕ್ಕೂ ಚೆಂದವೇ. ಗುದ್ದಲಿ ತಂದು ಸಿಕ್ಕಷ್ಟನ್ನು ಕತ್ತರಿಸಿದೆ. ಮೇಲಿನ ತಿರುವಿನಲ್ಲಿ ಇನ್ನೂ ಗೂಡುಗಳಿದ್ದವು. ಅದರ ಮೇಲೆಯೂ ಇದ್ದವು. ಸಂಜೆಯ ಹೊತ್ತಿಗೆ ಗುದ್ದಲಿ ಎಸೆದು ದಡದಲ್ಲಿ ಕೂತೆ.

"ಇವು ಇಲ್ಲಿಗೆ ಬರಲ್ಲ ಅಂದಿದ್ರಲ್ಲ?" ಎಂದಳು ಲೆಂಪಿ.

"ಅಂದಿದ್ರು."

"ಆರ್ನೆ ಹೇಳಿದ್ದು ನಿಜಾನಾ ಹಾಗಾದ್ರೆ?"

ನಾನು ಎಸೆದಿದ್ದ ಗುದ್ದಲಿ ಎತ್ತಿ ಅದರ ಲೋಳೆ ತೊಳೆಯತೊಡಗಿದೆ. ನಲವತ್ತು ವರ್ಷ ಜೊತೆಗಿದ್ದವಳಿಗೆ ಅಷ್ಟೇ ಸಾಕಾಯಿತು. ಅವಳು ಒಳಗೆ ಹೋದಳು. ಅಂದಿನಿಂದ ಆರ್ನೆಯನ್ನು ಊಟಕ್ಕೆ ಕರಿ ಎಂದು ಅವಳು ಹೇಳಲಿಲ್ಲ.

ಮರಿಗಳು ಕೆಸರಿನಲ್ಲಿ ಹುದುಗಿ ಮೂರು ನಾಲ್ಕು ವರ್ಷ ಬೆಳೆಯುತ್ತವೆ. ಮೂರನೆಯ ವರ್ಷ ಸರ್ಕಾರದ ಹುಡುಗರು ಬಂದು ನೀರಿಗೆ ಕರೆಂಟ್ ಬಿಟ್ಟು ಎಬ್ಬಿಸಿ ನೋಡಿದರು. ನಮ್ಮ ಸೌನಾದ ಕೆಳಗೇ ಚೊಂಬಿನಷ್ಟು ಕೆಸರಿಗೆ ಹತ್ತು ಹನ್ನೆರಡು. ಸೆಪ್ಟೆಂಬರ್‌ನಲ್ಲಿ ಮೇಲಿನ ನದಿಗೆಲ್ಲ ವಿಷ ಬಿಡುವುದೆಂದು ಮರಗಳಿಗೆ ಚೀಟಿ ಹೊಡೆದರು.

ವಿಷ ಬಿಟ್ಟ ದಿನ ನೀರು ತೆಳುವಾಗಿ ಹಳದಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಲ್ಯಾಂಪ್ರೆ ಮರಿಗಳು ಕೆಸರಿನಿಂದ ಎದ್ದು ಶಾವಿಗೆಯ ಹಾಗೆ ತೇಲಿಹೋದವು. ಅವುಗಳ ಜೊತೆ ಬೇರೆಯವೂ ಬಂದವು. ಕತ್ತಿನ ಎರಡೂ ಕಡೆ ಕೆಂಪು ಗರಿಯಂಥ ಕಿವಿರುಳ್ಳ, ಒಂದಡಿ ಉದ್ದದ ಹಲ್ಲಿಯಂಥ ಪ್ರಾಣಿ ನಮ್ಮ ನದಿಯ ಕಲ್ಲಿನಡಿ ಬದುಕುತ್ತದೆ. ಕೆಸರುನಾಯಿ ಎನ್ನುತ್ತೇವೆ. ಇಪ್ಪತ್ತು ವರ್ಷ ಬದುಕುವ ಜೀವ. ಅವು ಹೊಟ್ಟೆ ಮೇಲಾಗಿ ಬಂದವು. ಪೆನ್ಸಿಲಿನಷ್ಟು ಸಣ್ಣ ಇನ್ನೊಂದು ಲ್ಯಾಂಪ್ರೆಯೂ ಬಂತು.

ವಿಷದ ಪ್ರಮಾಣ ಪರೀಕ್ಷಿಸಲು ನಿಂತಿದ್ದ ಸರ್ಕಾರದ ಹುಡುಗಿ ಅದನ್ನು ಎತ್ತಿ ತೋರಿಸಿದಳು. "ಇದು ಇಲ್ಲಿಯದೇ ಜಾತಿ, ಯಾರ ರಕ್ತಾನೂ ಹೀರಲ್ಲ. ಮೊದಲಿಂದ ಈ ನದಿಯಲ್ಲೇ ಇರೋದು."

"ಮತ್ತೆ ಇದನ್ನ ಯಾಕೆ ಕೊಲ್ತೀರಿ?"

"ಔಷಧಿಗೆ ವ್ಯತ್ಯಾಸ ಗೊತ್ತಾಗಲ್ಲ ಸರ್," ಎಂದಳು. "ಕಟ್ಟೆ ಇದ್ದಿದ್ರೆ ಇಲ್ಲಿವರೆಗೆ ಬರೋ ಕೆಲಸ ನಮಗೆ ಇರ್ತಿರಲಿಲ್ಲ."

ನಾನು ದಡ ಹಿಡಿದು ಕೆಳಗೆ ನಡೆದೆ. ಎರಡು ಮೈಲಿ ಕೆಳಗೆ ಆರ್ನೆ ನೀರಿನಲ್ಲಿ ನಿಂತಿದ್ದ. ಸತ್ತ ಕೆಸರುನಾಯಿಗಳನ್ನು ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದ. ಯಾಕೆಂದು ಕೇಳಲಿಲ್ಲ. ಸಭೆಯ ನಂತರ ಅಷ್ಟು ಹತ್ತಿರದಿಂದ ಅವನನ್ನು ನೋಡಿರಲಿಲ್ಲ. ಕುತ್ತಿಗೆ ಬಡವಾಗಿತ್ತು.

"ಆರ್ನೆ," ಎಂದೆ. "ಅವತ್ತು ನಾನು ಸುಳ್ಳು ಹೇಳಿದೆ. ಲ್ಯಾಂಪ್ರೆ ಇತ್ತು. ನಾನು ನೋಡಿದ್ದೆ."

ಅವನು ಬಗ್ಗಿ ಇನ್ನೊಂದನ್ನು ಎತ್ತಿಕೊಂಡ. "ನನಗೆ ಹೇಳ್ತೀಯಲ್ಲೋ ಅದನ್ನ. ದೋಣಿಯಲ್ಲಿ ನಾನೂ ಇದ್ದೆ."

"ತಪ್ಪಾಯ್ತು ಅಂತ ಹೇಳೋಕೆ ಬಂದೆ."

"ನನ್ನ ಹತ್ರ ಹೇಳಿ ಏನು ಪ್ರಯೋಜನ. ಅವತ್ತು ನಕ್ಕರಲ್ಲ, ಅವರ ಹತ್ರ ಹೇಳು. ನಾನು ಸುಳ್ಳುಗಾರ ಅಂತ ಈ ಊರಲ್ಲಿ ನಾಲ್ಕೈದು ವರ್ಷದಿಂದ ಓಡಾಡ್ತಿದೀನಿ. ಸಿಗ್ನೆ ಅಂಗಡಿಗೆ ಹೋದ್ರೆ ಕೊಕ್ಕರೆ ಹೇಗಿದೆ ಅಂತ ಕೇಳ್ತಾರೆ."

ಅವನ ಬಾಯಿಂದ ಒಂದೇ ಸಲಕ್ಕೆ ಅಷ್ಟು ಮಾತು ನಾನು ಕೇಳಿದ್ದು ಅದೇ ಮೊದಲು.

ಅಕ್ಟೋಬರ್‌ನಲ್ಲಿ ಸಂಘದ ಸಭೆಯಿತ್ತು. ಮನೆಯಲ್ಲಿ ನಾಲ್ಕು ದಿನ ಆ ಮಾತನ್ನು ಅಭ್ಯಾಸ ಮಾಡಿದೆ. ಬೈಯುತ್ತಾರೆ, ಸಂಘದಿಂದ ತೆಗೆಯುತ್ತಾರೆ, ಆದರೂ ಹೇಳಿಬಿಡುತ್ತೇನೆ ಎಂದುಕೊಂಡೆ. ಎದ್ದು ನಿಂತು ಎಲ್ಲ ಹೇಳಿದೆ. ಲ್ಯಾಂಪ್ರೆ ಎಷ್ಟುದ್ದವಿತ್ತು, ಎಲ್ಲಿ ಎಸೆದೆ, ಆರ್ನೆ ಹೇಳಿದ್ದು ಅಕ್ಷರಕ್ಷರವೂ ನಿಜ, ಅವನ ಮುಖಕ್ಕೆ ನಾವೆಲ್ಲ ನಕ್ಕದ್ದು ಅನ್ಯಾಯ, ಎಲ್ಲವನ್ನೂ.

ಡೆಲ್ಬರ್ಟ್ ನನ್ನ ಭುಜ ತಟ್ಟಿದ.

"ಅಯ್ಯೋ ರೂಬೆನ್, ಅಷ್ಟೇನಾ? ಅದು ನಮಗೆಲ್ಲ ಗೊತ್ತಿದ್ದೇ ಅಲ್ವಾ. ನನಗೇ ಆ ವರ್ಷ ನಾಲ್ಕು ಸಿಕ್ಕಿತ್ತು. ಈಗ್ಯಾಕೆ ಹಳೇದು. ಮೀನು ಬಂತಾ ಇಲ್ವಾ, ಹೇಳು."

"ಬಂತು," ಎಂದೆ.

"ಮತ್ತಿನ್ನೇನು. ಲ್ಯಾಂಪ್ರೆ ನೋಡ್ಕೊಳೋಕೆ ಸರ್ಕಾರ ಇದೆ. ಕೂತ್ಕೊ, ಕಾಫಿ ತಗೋ."

ಯಾರೋ ಕಾಫಿ ಬಗ್ಗಿಸಿದರು. ಏಲಕ್ಕಿ ಹಾಕಿದ ರೊಟ್ಟಿಯ ತಟ್ಟೆ ಬಂತು. ಮುಂದಿನ ವಿಷಯಕ್ಕೆ ಹೋದರು, ಕಟ್ಟೆಯಿದ್ದ ಜಾಗದಲ್ಲಿ ಕಾರು ನಿಲ್ಲಿಸುವುದರ ಬಗ್ಗೆ. ನಾನು ಆ ರೊಟ್ಟಿಯನ್ನು ತಿಂದೆ. ಯಾಕೆ ತಿಂದೆನೋ ಗೊತ್ತಿಲ್ಲ.

ಮರುದಿನ ಬೆಳಗ್ಗೆ ಆರ್ನೆಯ ಮನೆಗೆ ಹೋದೆ. ಚಳಿ ತಡೆಯಲು ಕಿಟಕಿಗಳ ಹೊರಗೆ ಹಾಕುವ ಇನ್ನೊಂದು ಪದರದ ಗಾಜಿನ ಕಿಟಕಿಗಳನ್ನು ಏಣಿ ಹತ್ತಿ ಸಿಕ್ಕಿಸುತ್ತಿದ್ದ. ಒಬ್ಬನೇ. ಏಣಿಯ ಒಂದು ಕಾಲು ಸರಿಯಾಗಿ ಊರಿರಲಿಲ್ಲ.

"ಹೇಳಿದೆ," ಎಂದೆ ಕೆಳಗಿನಿಂದ. "ಎಲ್ಲರ ಎದುರಿಗೂ."

ಅವನು ಬಾಯಲ್ಲಿದ್ದ ಮೊಳೆಗಳನ್ನು ಕೈಗೆ ತೆಗೆದುಕೊಂಡ. "ಏನಂದ್ರು?"

"ಗೊತ್ತಿತ್ತು ಅಂದ್ರು."

ಅವನು ಗಾಜಿನ ಮೇಲಿನ ಕೊಳೆಯನ್ನು ಹೆಬ್ಬೆರಳಿನಿಂದ ಉಜ್ಜಿದ. "ಎಲ್ಲರಿಗೂ?"

"ಎಲ್ಲರಿಗೂ."

ಆರ್ನೆ ನಕ್ಕ. ಮೂಗಿನಿಂದ ಹೊರಟ ಸಣ್ಣ ನಗು, ಅದು ನನ್ನ ಕಡೆಗೂ ಅಲ್ಲ, ಬೇರೆ ಯಾರ ಕಡೆಗೂ ಅಲ್ಲ. ಮೊಳೆಗಳನ್ನು ಮತ್ತೆ ಬಾಯಿಗಿಟ್ಟುಕೊಂಡ. ನಾನು ಹೋಗಿ ಏಣಿ ಹಿಡಿದೆ. ಬೇಡ ಎನ್ನಲಿಲ್ಲ, ಹಿಡಿ ಎನ್ನಲೂ ಇಲ್ಲ. ಆ ಕಿಟಕಿ ಸಿಕ್ಕಿಸಿ ಮುಗಿದ ಮೇಲೆ ಕೆಳಗಿಳಿದು, ನನ್ನ ಕೈಯಿಂದ ಏಣಿ ತೆಗೆದುಕೊಂಡು ಮನೆಯ ಹಿಂಬದಿಗೆ ಹೋದ. ಅಲ್ಲಿ ಅದನ್ನು ಗೋಡೆಗೆ ಒರಗಿಸಿದ ಸದ್ದು ಕೇಳಿಸಿತು. ಒಳಗಿನ ಪರದೆಯ ಹಿಂದೆ ಸಿಗ್ನೆ ನಿಂತಿದ್ದಳು, ಹೊರಗೆ ಬರಲಿಲ್ಲ. ನಾನು ಸ್ವಲ್ಪ ಹೊತ್ತು ಕಾದೆ. ಹಿಂಬದಿಯ ಕಿಟಕಿಗೆ ಮೊಳೆ ಹೊಡೆಯುವ ಸದ್ದು ಶುರುವಾದಾಗ ಟ್ರಕ್ಕಿನ ಕಡೆ ನಡೆದೆ.